ಕೈ ಮುಟ್ಟಿದ್ದನ್ನೇ ಕಣ್ಣು ಕಂಡಿತು: ಎಸ್.ಬಿ. ಪ್ರಕರಣ

ಬ್ಯಾಂಡೇಜು ಬಿಚ್ಚಿದಾಗ, ವರದಿಯಲ್ಲಿ ಎಸ್.ಬಿ. ಎಂಬ ಮೊದಲಕ್ಷರಗಳಿಂದಷ್ಟೇ ಗುರುತಿಸಲಾದ ರೋಗಿಗೆ ಎದುರಿನಿಂದ ಶಸ್ತ್ರವೈದ್ಯರ ಧ್ವನಿ ಕೇಳಿಸಿತು. ಧ್ವನಿ ಬಂದ ಕಡೆಗೆ ತಿರುಗಿದರು. ಅಲ್ಲಿ ಮಸುಕು ಮಸುಕಾದ ಏನೋ ಒಂದು ಇತ್ತು. ಅದು ಮುಖವೇ ಇರಬೇಕೆಂದು ಅವರು ತೀರ್ಮಾನಿಸಿದ್ದು ಕಣ್ಣಿನ ಬಲದಿಂದಲ್ಲ. ಧ್ವನಿ ಮುಖದಿಂದ ಹೊರಡುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು; ಆ ಅರಿವಿಲ್ಲದಿದ್ದರೆ ಕಂಡದ್ದು ಮುಖವೆಂದು ತಮಗೆ ಹೊಳೆಯುತ್ತಿರಲಿಲ್ಲ ಎಂದು ಅವರೇ ನಂತರ ಹೇಳಿದ್ದಾರೆ. ಆಗ ಅವರಿಗೆ 52 ವರ್ಷ. ಹತ್ತು ತಿಂಗಳ ಕೂಸಾಗಿದ್ದಾಗ ಕಳೆದುಕೊಂಡ ನೋಟ, ಅರ್ಧ ಶತಮಾನದ ನಂತರ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಎರಡು ಕಸಿಗಳಿಂದ ಮರಳಿತ್ತು. ಮೊದಲ ಕಸಿ ನಡೆದದ್ದು 1958ರ ಡಿಸೆಂಬರಿನಲ್ಲಿ, ಎರಡನೆಯದು 1959ರ ಜನವರಿಯಲ್ಲಿ, ಇಂಗ್ಲೆಂಡಿನಲ್ಲಿ.

ಕೇಂಬ್ರಿಡ್ಜ್‌ನಲ್ಲಿದ್ದ ಮನೋವಿಜ್ಞಾನಿ ರಿಚರ್ಡ್ ಗ್ರೆಗರಿ ಈ ಸುದ್ದಿಯನ್ನು ಪತ್ರಿಕೆಯ ಮೂಲಕ ತಿಳಿದು, ಸಹೋದ್ಯೋಗಿ ಜೀನ್ ವಾಲೇಸ್ ಅವರೊಡನೆ ಆಸ್ಪತ್ರೆಗೆ ಧಾವಿಸಿದರು. ಅವರಿಬ್ಬರೂ 1963ರಲ್ಲಿ ಪ್ರಕಟಿಸಿದ ವರದಿ, ಮನುಷ್ಯನ ಗ್ರಹಿಕೆಯ ಕುರಿತ ಅಧ್ಯಯನಗಳಲ್ಲಿ ಇಂದಿಗೂ ಮೊದಲ ಸಾಲಿನಲ್ಲಿದೆ. ಈ ಪ್ರಕರಣವನ್ನು ಸಾಮಾನ್ಯವಾಗಿ ಒಂದು ದುರಂತ ಕಥೆಯಾಗಿ ಹೇಳುತ್ತಾರೆ: ಕಣ್ಣು ಬಂತು, ಸುಖ ಬರಲಿಲ್ಲ ಎಂದು. ದುಃಖ ನಿಜವೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಈ ವರದಿಯ ಅತಿ ಬೆಲೆಬಾಳುವ ಭಾಗ ಕೈಬಿಟ್ಟುಹೋಗುತ್ತದೆ. ಎಸ್.ಬಿ. ಅವರಿಗೆ ಏನು ಕಾಣಿಸಲಿಲ್ಲ ಎಂಬುದಕ್ಕಿಂತ ಏನು ಕೂಡಲೇ ಕಾಣಿಸಿತು ಎಂಬುದೇ ನನಗೆ ಹೆಚ್ಚು ಮುಖ್ಯ. ಆ ಎರಡರ ನಡುವಿನ ಗಡಿರೇಖೆ ಎಲ್ಲಿ ಹಾದುಹೋಗುತ್ತದೆ ಎಂದು ಹಿಡಿದು ನೋಡಿದರೆ, ಮೆದುಳು ನೋಟವನ್ನು ಹೇಗೆ ಕಟ್ಟುತ್ತದೆ ಎಂಬುದರ ಸುಳಿವು ಅಲ್ಲೇ ಸಿಗುತ್ತದೆ.

ಮೊದಲು ರೋಗಿಯ ಹಿನ್ನೆಲೆ. ಎಸ್.ಬಿ. ಹುಟ್ಟಿದ್ದು 1906ರಲ್ಲಿ. ಬರ್ಮಿಂಗ್‌ಹ್ಯಾಮ್‌ನ ಅಂಧರ ಶಾಲೆಯಲ್ಲಿ ಕಲಿತರು, ಬೂಟು ದುರಸ್ತಿಯ ಕಸುಬನ್ನು ಅಲ್ಲೇ ಕೈವಶ ಮಾಡಿಕೊಂಡರು, ಅದರಿಂದಲೇ ಜೀವನ ನಡೆಸಿದರು. ಅವರು ಪೂರ್ತಿ ಕತ್ತಲೆಯಲ್ಲಿದ್ದವರಲ್ಲ; ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬಷ್ಟು ಗೊತ್ತಾಗುತ್ತಿತ್ತು, ಆಕಾರಗಳು ಗೊತ್ತಾಗುತ್ತಿರಲಿಲ್ಲ. ಮೂಲೆ ಹಿಡಿದು ಕೂತವರೂ ಅಲ್ಲ. ರಸ್ತೆಗಳನ್ನು ಧೈರ್ಯವಾಗಿ ದಾಟುತ್ತಿದ್ದರು. ಗೆಳೆಯನೊಬ್ಬನು ಭುಜ ಹಿಡಿದುಕೊಂಡರೆ ಸೈಕಲ್ ಹೊಡೆಯುತ್ತಿದ್ದರು. ತೋಟದ ಕೆಲಸ ಇಷ್ಟ, ಉಪಕರಣಗಳೆಂದರೆ ಜೀವ. ಭಾವನ ಕಾರನ್ನು ತೊಳೆಯುವಾಗ ಅದರ ಮೈಯನ್ನೆಲ್ಲ ಕೈಯಲ್ಲಿ ಸವರುತ್ತ, ಇದು ಕಣ್ಣಿಗೆ ಹೇಗೆ ಕಾಣಬಹುದೆಂದು ಚಿತ್ರಿಸಿಕೊಳ್ಳಲು ಯತ್ನಿಸುತ್ತಿದ್ದರಂತೆ. ನೋಡುವ ಹಂಬಲ ಬದುಕಿನುದ್ದಕ್ಕೂ ಇತ್ತು.

ಗ್ರೆಗರಿ ಮತ್ತು ವಾಲೇಸ್ ಎಸ್.ಬಿ. ಅವರನ್ನು ಮೊದಲು ಭೇಟಿಯಾದದ್ದು ಮೊದಲ ಶಸ್ತ್ರಚಿಕಿತ್ಸೆಯಾದ 48 ದಿನಗಳ ನಂತರ. ಅಷ್ಟು ಹೊತ್ತಿಗೆ ಎಸ್.ಬಿ. ಆಸ್ಪತ್ರೆಯ ಓಣಿಗಳಲ್ಲಿ ಗೋಡೆ ತಡವದೆ ನಡೆಯುತ್ತಿದ್ದರು. ಗೋಡೆಯ ಮೇಲಿದ್ದ ದೊಡ್ಡ ಗಡಿಯಾರ ನೋಡಿ ಗಂಟೆ ಹೇಳಿದರು. ಬಂದವರಿಬ್ಬರೂ ಬೆರಗಾದರು, ಈ ಮನುಷ್ಯ ನಿಜವಾಗಿಯೂ ಕುರುಡರಾಗಿದ್ದರೇ ಎಂಬ ಅನುಮಾನವೂ ಸುಳಿಯಿತು. ಆಗ ಎಸ್.ಬಿ. ಜೇಬಿನಿಂದ ಒಂದು ದೊಡ್ಡ ಗಡಿಯಾರ ತೆಗೆದು ತೋರಿಸಿದರು. ಅದಕ್ಕೆ ಗಾಜು ಇರಲಿಲ್ಲ. ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ಅವರು ಅಷ್ಟು ವರ್ಷ ಗಂಟೆ ತಿಳಿದುಕೊಳ್ಳುತ್ತಿದ್ದರು. ಬೆರಳಿಗೆ ಗೊತ್ತಿದ್ದ ಮುಳ್ಳಿನ ಕೋನವನ್ನು ಈಗ ಕಣ್ಣು ಓದಿತ್ತು.

ಅಕ್ಷರಗಳ ವಿಷಯ ಇನ್ನೂ ಸ್ಪಷ್ಟ. ಇಂಗ್ಲಿಷ್‌ನ ದೊಡ್ಡ (ಕ್ಯಾಪಿಟಲ್) ಅಕ್ಷರಗಳನ್ನು ಅವರು ನೋಡಿದ ಕೂಡಲೇ ಗುರುತಿಸಿದರು. ಸಣ್ಣ ಅಕ್ಷರಗಳು ಅವರಿಗೆ ಬರೀ ಗೀಚು. ಕಾರಣವನ್ನು ಶಾಲೆಯಲ್ಲಿ ಹುಡುಕಬೇಕು. ಅಂಧ ಮಕ್ಕಳಿಗೆ ಅಲ್ಲಿ ಮರದಲ್ಲಿ ಕೊರೆದ ದೊಡ್ಡ ಅಕ್ಷರಗಳನ್ನು ಮುಟ್ಟಿಸಿ ಕಲಿಸುತ್ತಿದ್ದರು, ಸಣ್ಣ ಅಕ್ಷರಗಳನ್ನು ಕಲಿಸುತ್ತಿರಲಿಲ್ಲ. ಒಂದೇ ಕಣ್ಣು, ಒಂದೇ ಕಾಗದ, ಒಂದೇ ಶಾಯಿ. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಎರಡು ಬಗೆಯ ಅಕ್ಷರಗಳೂ ಒಂದೇ ರೀತಿ ಮೂಡುತ್ತವೆ. ಆದರೂ ಒಂದು ಅರ್ಥವಾಯಿತು, ಇನ್ನೊಂದು ಆಗಲಿಲ್ಲ. ಇಷ್ಟು ಶುದ್ಧವಾದ ಪ್ರಯೋಗವನ್ನು ಯಾವ ವಿಜ್ಞಾನಿಯೂ ಬೇಕೆಂದು ಏರ್ಪಡಿಸಲಾರ. ಬಾಲ್ಯದಲ್ಲಿ ಯಾರೋ ಮೇಷ್ಟರು ಪಾಠಕ್ಕೆ ಹಾಕಿದ ಮಿತಿ, ನಾಲ್ಕು ದಶಕಗಳ ನಂತರ ನೋಟದ ಮಿತಿಯಾಗಿ ನಿಂತಿತು.

ಇದು ಕೇವಲ ನೆನಪಿನ ವಿಷಯವಲ್ಲವೇ ಎಂದು ಕೇಳಬಹುದು. ಅಲ್ಲ, ಇದು ಗ್ರಹಿಕೆಯ ಬುಡಕ್ಕೇ ತಾಗುವ ವಿಷಯ. ಕಣ್ಣು ಮೆದುಳಿಗೆ ಸಿದ್ಧ ಚಿತ್ರವನ್ನು ಕಳಿಸುವುದಿಲ್ಲ. ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಸುಮಾರು 12 ಕೋಟಿ. ಅಲ್ಲಿಂದ ಹೊರಡುವ ದೃಷ್ಟಿನರದ ತಂತುಗಳು ಸುಮಾರು 10 ಲಕ್ಷ. ಅಂದರೆ ಕಣ್ಣಿನೊಳಗೇ ಆಯ್ಕೆ, ಸಂಕ್ಷೇಪ ನಡೆದುಹೋಗಿರುತ್ತದೆ. ಬಿಂಬ ತಲೆಕೆಳಗಾಗಿರುತ್ತದೆ, ಚಪ್ಪಟೆಯಾಗಿರುತ್ತದೆ, ನಟ್ಟನಡುವಿನ ಪುಟ್ಟ ಭಾಗವನ್ನು ಬಿಟ್ಟರೆ ಎಲ್ಲೆಡೆ ಮಸುಕಾಗಿರುತ್ತದೆ. ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದಲ್ಲಂತೂ ಬೆಳಕು ಹಿಡಿಯುವ ಕೋಶವೇ ಇಲ್ಲ. ಅದರ ಮೇಲೆ ಕಣ್ಣು ಸೆಕೆಂಡಿಗೆ ಮೂರು ಬಾರಿಯಂತೆ ಜಿಗಿಯುತ್ತಲೇ ಇರುತ್ತದೆ. ಇಂಥ ಹರಕು ಮುರುಕು ಸಂಕೇತಗಳಿಂದ ಸ್ಥಿರವಾದ, ಆಳವುಳ್ಳ, ವಸ್ತುಗಳಿಂದ ತುಂಬಿದ ಲೋಕವನ್ನು ಮೆದುಳು ಕಟ್ಟಬೇಕು. 19ನೆಯ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇದನ್ನು ಅರಿವಿಗೆ ಬಾರದೆ ನಡೆಯುವ ಅನುಮಾನ, ಅಂದರೆ ಸುಳಿವಿನಿಂದ ಮಾಡುವ ಊಹೆ, ಎಂದು ವಿವರಿಸಿದ್ದರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮವೇ ಇಲ್ಲಿಯೂ ಇದೆ. ಆದರೆ ಊಹಿಸುತ್ತಿದ್ದೇವೆ ಎಂಬುದು ನಮಗೇ ತಿಳಿಯುವುದಿಲ್ಲ. ಮೆದುಳಿನ ರಚನೆಯೂ ಇದಕ್ಕೆ ಒಗ್ಗುತ್ತದೆ. ಕಣ್ಣಿನ ಸಂಕೇತಗಳು ಮೆದುಳಿನ ಹೊರಪದರಕ್ಕೆ ಹೋಗುವ ದಾರಿಯಲ್ಲಿ ಥಲಮಸ್ ಎಂಬ ತಂಗುದಾಣವಿದೆ. ಅಲ್ಲಿಗೆ ಕಣ್ಣಿನಿಂದ ಬರುವ ಸಂಪರ್ಕಗಳಿಗಿಂತ ಹೊರಪದರದಿಂದ ಇಳಿದು ಬರುವ ಸಂಪರ್ಕಗಳೇ ಹೆಚ್ಚು. ಮೆದುಳು ಸುಮ್ಮನೆ ಸ್ವೀಕರಿಸುತ್ತ ಕೂತಿಲ್ಲ. ಬರುವುದನ್ನು ತನಗೆ ಗೊತ್ತಿರುವುದರ ಜೊತೆ ತಾಳೆ ನೋಡುತ್ತಲೇ ಇದೆ.

ಆ ಅನುಮಾನಕ್ಕೆ ಬೇಕಾದ ಗೊತ್ತಿರುವ ಸಂಗತಿಗಳನ್ನು ನಾವೆಲ್ಲ ಶೈಶವದಲ್ಲಿ ಕಣ್ಣು, ಕೈ, ಕಾಲು ಮೂರನ್ನೂ ಒಟ್ಟಿಗೆ ಬಳಸಿ ಗಳಿಸಿಕೊಂಡಿರುತ್ತೇವೆ. ಹಾಗಾಗಿ ಯಾವುದು ಎಲ್ಲಿಂದ ಬಂತೆಂದು ಬಿಡಿಸಿ ಹೇಳಲಾಗುವುದಿಲ್ಲ. ಎಸ್.ಬಿ. ಅವರಲ್ಲಿ ಅದು ಬಿಡಿಬಿಡಿಯಾಗಿತ್ತು. ಕೈಯ ಜ್ಞಾನ ಐವತ್ತು ವರ್ಷಗಳದ್ದು, ಕಣ್ಣಿನದು ಕೆಲವು ವಾರಗಳದ್ದು.

ಹೀಗಾಗಿಯೇ ಅವರ ಎಡವಟ್ಟುಗಳು ಅಷ್ಟು ಮಾತನಾಡುತ್ತವೆ. ಹೆಜ್ಜೆ ಹಾಕಿ ಅಳೆದಿದ್ದ ದೂರಗಳನ್ನು, ಉದಾಹರಣೆಗೆ ಕೋಣೆಯಲ್ಲಿನ ಕುರ್ಚಿ ಎಷ್ಟು ದೂರದಲ್ಲಿದೆ ಎಂಬುದನ್ನು, ಅವರು ಸರಿಯಾಗಿ ಅಂದಾಜು ಮಾಡುತ್ತಿದ್ದರು. ಆದರೆ ಆಸ್ಪತ್ರೆಯ ಎತ್ತರದ ಕಿಟಕಿಯಿಂದ ಕೆಳಗೆ ನೋಡಿದಾಗ, ಚೌಕಟ್ಟಿಗೆ ಕೈಯಲ್ಲಿ ಜೋತುಬಿದ್ದರೆ ಕಾಲು ನೆಲಕ್ಕೆ ತಾಗುತ್ತದೆ ಎಂದುಕೊಂಡರು. ನೆಲ ಅವರ ಎತ್ತರದ ಎಷ್ಟೋ ಪಟ್ಟು ಕೆಳಗಿತ್ತು. ಮೇಲಿನಿಂದ ಕೆಳಕ್ಕೆ ಆ ದೂರವನ್ನು ಅವರ ದೇಹ ಎಂದೂ ಅಳೆದಿರಲಿಲ್ಲ. ಬಾಗಿದ ಚಂದ್ರರೇಖೆಯನ್ನು ಕಂಡಾಗ ಅದೇನೆಂದು ಕೇಳಿದರು. ಕಾಲು ಭಾಗದ ಚಂದ್ರ ಎಂದರೆ ದುಂಡನೆಯ ಕೇಕಿನಿಂದ ಕೊಯ್ದ ಒಂದು ತುಂಡಿನಂತೆ ಇರುತ್ತದೆ ಎಂದು ಅವರು ಭಾವಿಸಿದ್ದರು. ಅವರ ತರ್ಕದಲ್ಲಿ ದೋಷವೇನೂ ಇಲ್ಲ. ಚಂದ್ರ ಯಾರ ಕೈಗೂ ಸಿಗುವುದಿಲ್ಲ, ಅಷ್ಟೇ.

ಬಸ್ಸಿನ ಚಿತ್ರಗಳ ಸರಣಿ ಈ ವರದಿಯ ತಿರುಳು ಎಂದು ನನ್ನ ಅನಿಸಿಕೆ. ಮೊದಲ ಭೇಟಿಯ ಹೊತ್ತಿಗೆ ಬಿಡಿಸಿದ ಚಿತ್ರದಲ್ಲಿ ಎಸ್.ಬಿ. ಬಸ್ಸಿನ ಕಿಟಕಿಗಳನ್ನು, ಗಾಲಿಗಳನ್ನು ಹಾಕಿದ್ದರು. ಗಾಲಿಗಳಿಗೆ ಅರಕಾಲುಗಳಿದ್ದವು (ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಗಳು), ಅಂದಿನ ಬಸ್ಸಿನ ಗಾಲಿಗಳಿಗೆ ಅವು ಇರಲಿಲ್ಲ. ಗಾಲಿ ಎಂದರೆ ಅರಕಾಲು ಇರುವಂಥದ್ದು ಎಂದು ಅವರ ಬೆರಳುಗಳು ಚಿಕ್ಕಂದಿನಲ್ಲಿ ಕಲಿತಿದ್ದವು. ಬಸ್ಸಿನ ಮುಂಭಾಗವಂತೂ ಚಿತ್ರದಲ್ಲಿ ಇರಲೇ ಇಲ್ಲ. ಪ್ರಯಾಣಿಕನಾಗಿ ಹತ್ತಿ ಇಳಿಯುವಾಗ ಬಾಗಿಲು, ಕಂಬಿ, ಆಸನ, ಕಿಟಕಿ ಎಲ್ಲವೂ ಕೈಗೆ ಸಿಗುತ್ತವೆ. ರಸ್ತೆಗೆ ಮುಖ ಮಾಡಿ ನಿಂತ ಎಂಜಿನ್ನಿನ ಭಾಗವನ್ನು ಯಾವ ಕುರುಡನೂ ತಡವುತ್ತ ನಿಲ್ಲುವುದಿಲ್ಲ. ತಿಂಗಳುಗಳು ಕಳೆದಂತೆ ಚಿತ್ರಗಳು ಸುಧಾರಿಸಿದವು. ಅರಕಾಲುಗಳು ಮಾಯವಾದವು, ಬಸ್ಸಿನ ಮೈಮೇಲಿನ ಬರಹ ಸೇರಿಕೊಂಡಿತು, ಆ ಬರಹದಲ್ಲಿ ಮೊದಲು ದೊಡ್ಡ ಅಕ್ಷರಗಳು, ನಂತರ ಸಣ್ಣವೂ ಬಂದವು. ಒಂದು ವರ್ಷದ ನಂತರದ ಚಿತ್ರದಲ್ಲಿಯೂ ಮುಂಭಾಗ ಮಾತ್ರ ಬರಲೇ ಇಲ್ಲ. ಅಷ್ಟು ಹೊತ್ತಿಗೆ ಅವರು ಅದೆಷ್ಟೋ ಬಸ್ಸುಗಳನ್ನು ಎದುರಿನಿಂದ ನೋಡಿದ್ದರು. ಅವುಗಳ ಬಿಂಬ ರೆಟಿನಾದ ಮೇಲೆ ಮತ್ತೆ ಮತ್ತೆ ಬಿದ್ದಿತ್ತು. ಬಿದ್ದ ಮಾತ್ರಕ್ಕೆ ಅದು ಕಾಣ್ಕೆಯಾಗಲಿಲ್ಲ.

ಭ್ರಮಾಚಿತ್ರಗಳ ಪರೀಕ್ಷೆಯ ಫಲಿತಾಂಶವೂ ಇದಕ್ಕೆ ಪೂರಕ. ಘನವೊಂದರ ಗೆರೆಚಿತ್ರವನ್ನು ನೋಡುತ್ತಿದ್ದರೆ ನಮಗೆಲ್ಲ ಅದರ ಎದುರು ಮುಖ ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋದಂತೆ ತೋರುತ್ತದೆ. ಎಸ್.ಬಿ. ಅವರಿಗೆ ಅದು ಹೊರಳಲಿಲ್ಲ. ಅದರಲ್ಲಿ ಆಳವೇ ಕಾಣಲಿಲ್ಲ. ಅಡ್ಡಗೀರುಗಳಿಂದಾಗಿ ಸಮಾನಾಂತರ ರೇಖೆಗಳು ಓರೆಯಾಗಿ ತೋರುವ ಚಿತ್ರದಲ್ಲಿ ಅವರು ರೇಖೆಗಳನ್ನು ಸಮಾನಾಂತರವಾಗಿಯೇ ಕಂಡರು. ಬಾಣದ ತುದಿಗಳಿಂದಾಗಿ ಒಂದೇ ಉದ್ದದ ಗೆರೆಗಳು ಬೇರೆ ಬೇರೆ ಉದ್ದದವಾಗಿ ಕಾಣುವ ಪ್ರಸಿದ್ಧ ಭ್ರಮೆ ಅವರನ್ನು ಅಷ್ಟಾಗಿ ಏಮಾರಿಸಲಿಲ್ಲ. ನೋಡಿ ನೋಡಿ ಪಳಗಿದ ಮೆದುಳು ಚಪ್ಪಟೆ ಗೆರೆಗಳಲ್ಲೂ ಆಳವನ್ನು ಹುಡುಕಿ, ಆ ಹುಡುಕಾಟದಲ್ಲೇ ಮೋಸ ಹೋಗುತ್ತದೆ ಎಂಬುದು ಗ್ರೆಗರಿಯವರ ವಾದವಾಗಿತ್ತು. ಎಲ್ಲ ಭ್ರಮೆಗಳಿಗೂ ಆ ವಿವರಣೆ ಸಾಲದು ಎಂದು ಮುಂದೆ ಹಲವರು ವಾದಿಸಿದ್ದಾರೆ. ಘನದ ಮಟ್ಟಿಗಂತೂ ಅದು ಒಪ್ಪುವಂತಿದೆ: ಆಳವನ್ನೇ ಕಾಣದವನಿಗೆ ಆಳ ಹೊರಳುವುದು ಹೇಗೆ ಸಾಧ್ಯ? ಇನ್ನು ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಓದಿಸುವ ಇಷಿಹಾರ ಪರೀಕ್ಷೆಯಲ್ಲಿ ಅವರು ಎಲ್ಲ ಅಂಕಿಗಳನ್ನೂ ಸರಿಯಾಗಿ ಓದಿದರು. ಬಣ್ಣ ಹಿಡಿಯುವ ಯಂತ್ರಾಂಗ ಸರಿಯಾಗಿಯೇ ಇತ್ತೆಂಬುದು ಇದರಿಂದ ಖಚಿತವಾಯಿತು.

ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನಡೆದದ್ದನ್ನು ಸ್ವಲ್ಪ ನಿಂತು ನೋಡಬೇಕು. ಉಪಕರಣಗಳ ಮೋಹಿ ಎಸ್.ಬಿ. ಅವರನ್ನು ಗ್ರೆಗರಿ ಅಲ್ಲಿಗೆ ಕರೆದೊಯ್ದಿದ್ದರು. ಹೆನ್ರಿ ಮಾಡ್ಸ್‌ಲೇ ರೂಪಿಸಿದ, 1800ರ ಆಸುಪಾಸಿನ ತಿರುಪು ಕೊರೆಯುವ ಲೇತ್ ಅಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಬಹು ಕಾಲದಿಂದ ಲೇತ್ ಒಂದನ್ನು ಬಳಸಬೇಕೆಂದು ಆಸೆಪಟ್ಟಿದ್ದವರು ಅವರು. ಗಾಜಿನ ಆಚೆಗೆ ಅವರಿಗೆ ಕಂಡದ್ದು ಮಾತ್ರ ಅರ್ಥವಾಗದ ಒಂದು ಮುದ್ದೆ. ಹತ್ತಿರದ ಭಾಗ ಹಿಡಿಕೆ ಇರಬಹುದು ಎಂದಷ್ಟೇ ಹೇಳಿದರು. ಸಿಬ್ಬಂದಿ ಪೆಟ್ಟಿಗೆ ತೆರೆದರು. ಎಸ್.ಬಿ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಲೇತಿನ ಮೇಲೆಲ್ಲ ಆತುರದಿಂದ ಕೈಯಾಡಿಸಿದರು. ನಂತರ ಒಂದು ಹೆಜ್ಜೆ ಹಿಂದೆ ಸರಿದು ಕಣ್ಣು ತೆರೆದು, ‘ಈಗ ಮುಟ್ಟಿದ್ದಾಯಿತು, ಇನ್ನು ಕಾಣುತ್ತದೆ’ ಎಂದರು.

ಇದನ್ನು ಸೋಲಿನ ಗುರುತೆಂದು ಓದುವವರಿದ್ದಾರೆ: ಕಣ್ಣು ಬಂದರೂ ಈ ಮನುಷ್ಯ ಕೈಗೇ ಜೋತುಬಿದ್ದಿದ್ದಾರೆ ಎಂದು. ನಾನು ಇದನ್ನು ಒಪ್ಪುವುದಿಲ್ಲ. ಮುಟ್ಟಿದ ಮೇಲೆ ಅವರಿಗೆ ಲೇತ್ ನಿಜಕ್ಕೂ ಅರ್ಥವಾಯಿತು. ಅದರ ಭಾಗಗಳ ಬಗ್ಗೆ ಮಾತನಾಡತೊಡಗಿದರು. ಐವತ್ತೆರಡರ ಮೆದುಳಿನಲ್ಲಿಯೂ ಸ್ಪರ್ಶದಿಂದ ನೋಟಕ್ಕೆ ಸೇತುವೆ ಬೀಳುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸ್ಪರ್ಶ ಮತ್ತು ನೋಟದ ಈ ಪ್ರಶ್ನೆ ಬಹಳ ಹಳೆಯದು. ಡಬ್ಲಿನ್ನಿನ ವಿಲಿಯಂ ಮೊಲಿನ್ಯೂ 1688ರಲ್ಲಿ ತತ್ವಜ್ಞಾನಿ ಜಾನ್ ಲಾಕ್ ಅವರಿಗೆ ಇದನ್ನು ಬರೆದು ಕೇಳಿದ್ದರು. ಹುಟ್ಟು ಕುರುಡನೊಬ್ಬನು ಘನವನ್ನೂ ಗೋಳವನ್ನೂ ಮುಟ್ಟಿ ಗುರುತಿಸಬಲ್ಲ. ಅವನಿಗೆ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿಯೇ ಯಾವುದು ಯಾವುದೆಂದು ಹೇಳಬಲ್ಲನೇ? ಮೊಲಿನ್ಯೂ, ಲಾಕ್ ಇಬ್ಬರೂ ಆಗದು ಎಂದರು. ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಮಾತ್ರ, ಎದುರಿಗಿರುವುದು ಇವೆರಡೇ ಎಂದು ಮೊದಲೇ ತಿಳಿಸಿದ್ದರೆ ಯೋಚಿಸಿ ಹೇಳಬಲ್ಲ ಎಂದರು. ಎಸ್.ಬಿ. ಅವರ ಗಡಿಯಾರ, ದೊಡ್ಡ ಅಕ್ಷರಗಳು ಆಗುತ್ತದೆ ಎಂಬ ಉತ್ತರದ ಕಡೆಗೆ ವಾಲುವಂತಿವೆ. ಆದರೆ ಈ ಪ್ರಕರಣದಿಂದ ಆ ಪ್ರಶ್ನೆಗೆ ತೀರ್ಪು ಕೊಡಲಾಗದು. ಪರೀಕ್ಷೆ ನಡೆದದ್ದು ಕಣ್ಣು ಬಂದು ವಾರಗಳು ಕಳೆದ ಮೇಲೆ. ಅಷ್ಟರಲ್ಲಿ ಅವರು ಎಷ್ಟನ್ನು ಮುಟ್ಟಿ ನೋಡಿ ಕಲಿತಿದ್ದರೆಂದು ಬೇರ್ಪಡಿಸಲಾಗುವುದಿಲ್ಲ. ಜೀವನದ ಮೊದಲ ಹತ್ತು ತಿಂಗಳು ಅವರಿಗೆ ನೋಟವಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆ ಕೊರತೆಯನ್ನು ತುಂಬಿದ ಅಧ್ಯಯನ ಪ್ರಕಟವಾದದ್ದು 2011ರಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಆರಂಭಿಸಿದ ಪ್ರಾಜೆಕ್ಟ್ ಪ್ರಕಾಶ್ ಯೋಜನೆಯಡಿ ಭಾರತದಲ್ಲಿ ಶಸ್ತ್ರಚಿಕಿತ್ಸೆ ಪಡೆದ, 8ರಿಂದ 17 ವರ್ಷದೊಳಗಿನ ಐದು ಮಕ್ಕಳನ್ನು ನೋಟ ಬಂದ 48 ಗಂಟೆಗಳೊಳಗೆ ಪರೀಕ್ಷಿಸಿದರು. ನೋಡಿದ ಆಕಾರವನ್ನು ನೋಡಿದ್ದರ ಜೊತೆ, ಮುಟ್ಟಿದ್ದನ್ನು ಮುಟ್ಟಿದ್ದರ ಜೊತೆ ಹೊಂದಿಸುವುದು ಅವರಿಗೆ ಸಲೀಸಾಗಿತ್ತು. ಮುಟ್ಟಿದ್ದನ್ನು ನೋಡಿ ಗುರುತಿಸುವಾಗ ಮಾತ್ರ ಉತ್ತರಗಳು ಕುರುಡು ಊಹೆಗಿಂತ ಹೆಚ್ಚೇನೂ ಮೇಲಿರಲಿಲ್ಲ. ಲಾಕ್ ಗೆದ್ದರು ಎನ್ನಬಹುದು. ಆದರೆ ಮತ್ತೆ ಪರೀಕ್ಷೆಗೆ ಸಿಕ್ಕ ಮಕ್ಕಳಲ್ಲಿ ಈ ಸಾಮರ್ಥ್ಯ ಕೆಲವೇ ದಿನಗಳಲ್ಲಿ ಗಮನಾರ್ಹವಾಗಿ ಏರಿತು. ಸೇತುವೆ ಹುಟ್ಟಿನಿಂದ ಇರುವುದಿಲ್ಲ, ಅವಕಾಶ ಸಿಕ್ಕರೆ ಬೇಗ ಕಟ್ಟಿಕೊಳ್ಳುತ್ತದೆ. ಲೇತಿನ ಮುಂದೆ ಎಸ್.ಬಿ. ತೋರಿಸಿದ್ದೂ ಇದನ್ನೇ.

ಹಾಗಾದರೆ ಎಲ್ಲವನ್ನೂ ಕಲಿಯಬಹುದೇ? ಇಲ್ಲ. ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟರು. ನಂತರ ಕಣ್ಣು ತೆರೆದರೂ ಮೆದುಳಿನ ದೃಷ್ಟಿ ಪ್ರದೇಶದ ನರಕೋಶಗಳಲ್ಲಿ ಬಹುಪಾಲು ಆ ಕಣ್ಣಿಗೆ ಸ್ಪಂದಿಸಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಅಂಥ ಹಾನಿ ಆಗಲಿಲ್ಲ. ಮೂರೂವರೆ ವರ್ಷಕ್ಕೆ ದೃಷ್ಟಿ ಹೋಗಿ 43ಕ್ಕೆ ಮರಳಿದ ಎಂ.ಎಂ. ಎಂಬ ಇನ್ನೊಬ್ಬ ರೋಗಿಯ ಕುರಿತ 2003ರ ವರದಿಯಲ್ಲಿಯೂ ಇಂಥದ್ದೇ ಭೇದ ಕಾಣುತ್ತದೆ. ಚಲನೆಯನ್ನು ಅವರು ಚೆನ್ನಾಗಿ ಗ್ರಹಿಸುತ್ತಿದ್ದರು. ನಿಂತ ಘನದ ಚಿತ್ರ ಅವರಿಗೆ ಗೆರೆಗಳಿರುವ ಚೌಕ, ಅದು ತಿರುಗಿದರೆ ಕೂಡಲೇ ಘನ. ಮುಖಗಳನ್ನು ಗುರುತಿಸುವುದು ಮಾತ್ರ ಕಷ್ಟವಾಗಿಯೇ ಉಳಿಯಿತು. ನೋಟದ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಗಡುವುಗಳಿವೆ. ಎಸ್.ಬಿ. ಅವರಿಗೂ ಮುಖಭಾವಗಳು ಕೊನೆಯವರೆಗೂ ಒಲಿಯಲಿಲ್ಲ.

ಇನ್ನು ಅವರ ದುಃಖದ ಬಗ್ಗೆ. ಮೊದಲು ನಿರ್ಭಯವಾಗಿ ದಾಟುತ್ತಿದ್ದ ರಸ್ತೆಯನ್ನು ದಾಟಲು ಈಗ ಎರಡೂ ಕಡೆ ಜನ ಹಿಡಿದುಕೊಳ್ಳಬೇಕಾಯಿತು. ವಾಹನಗಳ ಸದ್ದಿನಿಂದ ಕಟ್ಟಿಕೊಂಡಿದ್ದ ಅವರ ನಕ್ಷೆ ಗಟ್ಟಿಯಾಗಿತ್ತು. ಅದರ ಮೇಲೆ ವೇಗ, ದೂರ ಯಾವುದೂ ಸ್ಪಷ್ಟವಿಲ್ಲದ ಕಣ್ಣಿನ ನಕ್ಷೆ ಬಂದು ಕೂತಿತು. ಹುಟ್ಟಿನಿಂದ ಅಥವಾ ಎಳವೆಯಿಂದ ದೃಷ್ಟಿಯಿಲ್ಲದವರು ಬ್ರೈಲ್ ಓದುವಾಗ ಮೆದುಳಿನ ದೃಷ್ಟಿ ಪ್ರದೇಶವೇ ಚುರುಕಾಗುತ್ತದೆ ಎಂದು 1996ರಲ್ಲಿ ತಿಳಿದುಬಂತು. ಎಸ್.ಬಿ. ಅವರ ಮೆದುಳಿನಲ್ಲಿಯೂ ಹಾಗೆಯೇ ಆಗಿದ್ದರೆ, ಹೊಸ ನೋಟ ಬಂದಿಳಿದದ್ದು ಖಾಲಿ ಜಾಗಕ್ಕಲ್ಲ, ಸ್ಪರ್ಶ ಮತ್ತು ಶ್ರವಣಗಳು ಆಗಲೇ ಬಳಸುತ್ತಿದ್ದ ಜಾಗಕ್ಕೆ. ಲೋಕ ಅವರಿಗೆ ಕಳೆಗುಂದಿದಂತೆ ಕಂಡಿತು. ಹೊಳೆಯುವ ಬಣ್ಣಗಳು ಇಷ್ಟ. ಬಣ್ಣದ ಚಕ್ಕೆ ಎದ್ದ ಗೋಡೆ, ವಸ್ತುಗಳ ಮೇಲಿನ ಕಲೆಗಳು ಮನಸ್ಸನ್ನು ಕೆಡಿಸುತ್ತಿದ್ದವು, ಬೆಳಕು ಕುಂದಿದರೆ ಮಂಕು ಕವಿಯುತ್ತಿತ್ತು. ಸಂಜೆ ಎಷ್ಟೋ ಬಾರಿ ದೀಪ ಹಾಕದೆಯೇ ಕೂರುತ್ತಿದ್ದರು. ಕುರುಡರಾಗಿ ಅವರು ಸಾಧಿಸಿದ್ದು ದೊಡ್ಡದು, ನೆರೆಹೊರೆಯವರ ಮೆಚ್ಚುಗೆಯೂ ಇತ್ತು. ಕಣ್ಣಿರುವವರ ಅಳತೆಗೋಲಿನಲ್ಲಿ ಅದೇ ಬದುಕು ಒಮ್ಮೆಲೇ ಚಿಕ್ಕದಾಯಿತು. ಕ್ರಮೇಣ ಚಟುವಟಿಕೆಯೆಲ್ಲ ಕುಗ್ಗಿತು, ಖಿನ್ನತೆ ಹೆಚ್ಚಿತು. ಶಸ್ತ್ರಚಿಕಿತ್ಸೆಯಾದ ಕೆಲವೇ ವರ್ಷಗಳೊಳಗೆ ಅವರು ತೀರಿಕೊಂಡರು.

ಕಾರ್ನಿಯಾ ಸ್ವಚ್ಛವಾದ ಕೂಡಲೇ ಚಿಕಿತ್ಸೆ ಮುಗಿಯಿತೆಂದು ಎಣಿಸುವುದು ಇಂಥ ರೋಗಿಗೆ ಮಾಡುವ ಅನ್ಯಾಯ ಎಂದು ಈ ವರದಿಯನ್ನು ಓದಿದಾಗಲೆಲ್ಲ ನನಗೆ ಬಲವಾಗಿ ಅನ್ನಿಸುತ್ತದೆ. ಕಣ್ಣಿನ ಕೆಲಸ ಶಸ್ತ್ರವೈದ್ಯರದು. ನೋಟದ ಕೆಲಸ ಅದರ ನಂತರ ಶುರುವಾಗುತ್ತದೆ, ಅದಕ್ಕೆ ತಿಂಗಳುಗಳು ಬೇಕು, ಜೊತೆಗೆ ಕೂರುವ ಜನ ಬೇಕು, ಮನಸ್ಸಿಗೆ ಆಸರೆ ಬೇಕು. ಲೇತಿನ ಪೆಟ್ಟಿಗೆಯನ್ನು ತೆರೆದಂತೆ ದಿನವೂ ಒಂದೊಂದು ವಸ್ತುವನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿಸಿ ಮುಟ್ಟಿಸಿ, ತೆರೆಸಿ ತೋರಿಸುವುದು ದುಬಾರಿ ವಿದ್ಯೆಯೇನಲ್ಲ. ನಿಂತ ಬಸ್ಸಿನ ಮುಂಭಾಗಕ್ಕೆ ಒಬ್ಬರನ್ನು ಕರೆದೊಯ್ದು ಎಂಜಿನ್ನಿನ ಮುಚ್ಚಳದ ಮೇಲೆ ಕೈ ಇರಿಸುವುದಕ್ಕೆ ಯಾವ ಪ್ರಯೋಗಾಲಯವೂ ಬೇಕಾಗುವುದಿಲ್ಲ.